ಬಾಗಿಲು ತೆರೆದವರಾರು?

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಗುರುಗಳು ಇದನ್ನು ವಿಸ್ತರಿಸಿ ಬರೆಯಲು ಹೇಳಿದಾಗಲೆಲ್ಲ "ಕೆಲಸವನ್ನು ಸಕಾಲದಲ್ಲಿ ಮಾಡಬೇಕು" ಎಂದು ಬರೆದು ಅಂಕಗಳನ್ನು ಪಡೆದಿದ್ದೇವೆ. ಆದರೆ ಈ ಗಾದೆಯಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಆ ದಿಡ್ಡಿ ಬಾಗಿಲು ತೆರೆದಿದ್ದುದು ಕೋಟೆಯೊಳಗಿನವರಿಗೆ ಗೊತ್ತಿದ್ದಿತೇ? ಗೊತ್ತಿದ್ದೂ ಹಾಕದಿದ್ದರೆ ಅದು ಸೋಮಾರಿತನ. ಗೊತ್ತೇ ಇರದಿದ್ದರೆ? ದೊಡ್ಡ ಅಗಸಿಗೆ ಅಗುಳಿ ಹಾಕಿ, ಕಾವಲಿಟ್ಟು ನಿಶ್ಚಿಂತೆಯಿಂದ ಮಲಗಿದವರ ಹಿಂದೆ, ಅವರಿಗೆ ಅರಿವಿಲ್ಲದ ಬಾಗಿಲೊಂದು ತೆರೆದೇ ಇದ್ದರೆ ಅದನ್ನು ಏನೆಂದು ಕರೆಯಬೇಕು?

ನಾನು ಈ ಪ್ರಶ್ನೆಯನ್ನು ಹಳೆಯ ಕೋಟೆಗಳ ಬಗೆಗೆ ಕೇಳುತ್ತಿಲ್ಲ. ನಮ್ಮ ನಿಮ್ಮ ಚೀಲಗಳಲ್ಲಿ ಇಂದು ಬಂದು ಕುಳಿತಿರುವ ಗಣಕಯಂತ್ರದ ಬಗೆಗೆ ಕೇಳುತ್ತಿದ್ದೇನೆ. ಇತಿಹಾಸ, ಕನ್ನಡ ಓದುವ ಬಿ.ಎ. ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆ ಎಂದು ಕೆಲವರು ನಗಬಹುದು. ಆರು ತಿಂಗಳ ಹಿಂದೆ ನಾನೂ ಹಾಗೆಯೇ ನಗುತ್ತಿದ್ದೆನು. ಈಗ ನಗಲಾರೆನು. ಅದಕ್ಕೆ ಕಾರಣವನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ನಾನು ಕುರ್ತಕೋಟಿಯವನು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವರು, ಅವ್ವನಿಗೆ ಅಕ್ಷರವಿಲ್ಲ. ಎರೆಹೊಲದಲ್ಲಿ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆದು, ಒಂದು ವರ್ಷ ಬಂದು ಒಂದು ವರ್ಷ ಹೋಗುವ ಮಳೆಯನ್ನು ನಂಬಿ ನನ್ನನ್ನು ಓದಿಸುತ್ತಿದ್ದಾರೆ. 2020ರ ಸುಮಾರಿಗೆ ನಮ್ಮ ಸರಕಾರವು ಸರಕಾರಿ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಹಂಚಿದಾಗ ನಾನಿನ್ನೂ ಪ್ರೌಢಶಾಲೆಯಲ್ಲಿದ್ದೆನು. ಆದುದರಿಂದ ನನಗೆ ಬಂದುದು ಒಂದು ಹಳೆಯ ಯಂತ್ರ. ಉಳ್ಳಾಗಡ್ಡಿಗೆ ನಾಲ್ಕು ಕಾಸು ಬಂದ ವರ್ಷ ಅಪ್ಪ ಅದನ್ನು ಒಂದು ಅಂಗಡಿಯಿಂದ ಕೊಂಡುತಂದರು. ಅಂಗಡಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅಂಥವು ಎಲ್ಲ ಊರುಗಳಲ್ಲೂ ಇವೆ.

ಯಂತ್ರ ಬಂದ ಮೇಲೆ ನಮ್ಮ ಪಡಸಾಲೆ ಒಂದು ಸಣ್ಣ ಕಚೇರಿಯಾಯಿತು. ಓಣಿಯವರು ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬರಿಗೆ ಪಹಣಿ ಬೇಕು, ಮತ್ತೊಬ್ಬರಿಗೆ ಬೆಳೆವಿಮೆಯ ಅರ್ಜಿ, ಇನ್ನೊಬ್ಬರ ಮಗಳಿಗೆ ವಿದ್ಯಾರ್ಥಿವೇತನ. ನಾನು ಅವರ ಆಧಾರ್ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಜಾತಿ ಹಾಗೂ ಆದಾಯದ ಪ್ರಮಾಣಪತ್ರಗಳ ಚಿತ್ರ ತೆಗೆದು ಯಂತ್ರದಲ್ಲಿ ತುಂಬಿ, ಅರ್ಜಿ ಕಳಿಸಿಕೊಡುತ್ತಿದ್ದೆನು. ಮುಂದಿನ ಸಲ ಮತ್ತೆ ಬೇಕಾದೀತೆಂದು ಯಾವುದನ್ನೂ ಅಳಿಸುತ್ತಿರಲಿಲ್ಲ. ಆ ಕಡತಕ್ಕೆ "ಊರ ಕಾಗದ" ಎಂದು ಹೆಸರಿಟ್ಟಿದ್ದೆನು. ಹಣ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲ ಪದವೀಧರನಾಗಲಿರುವವನ ಹಮ್ಮು ಸ್ವಲ್ಪ ಇದ್ದಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹನ್ನೊಂದು ತಿಂಗಳು ಹೀಗೆ ಕಳೆದವು. ಒಮ್ಮೆ ನಮ್ಮ ಸೋದರಮಾವನ ಮಗ ಊರ ಜಾತ್ರೆಗೆ ಬಂದನು. ಅವನು ಡಿಪ್ಲೊಮಾ ಓದುವವನು. ನನ್ನ ಯಂತ್ರವನ್ನು ನೋಡಿ, "ಹಳೇದು ತಗೊಂಡೀದಿ. ಇದರ ಬಾಗಲಾ ಎಷ್ಟು ತೆರದಾವ ನೋಡೀದಿ?" ಎಂದು ಕೇಳಿದನು. ನನಗೆ ಅರ್ಥವಾಗಲಿಲ್ಲ. ಅವನು ಕಪ್ಪು ಪರದೆಯೊಂದನ್ನು ತೆರೆದು ನಾಲ್ಕಕ್ಷರ ಬಡಿದನು. ಸಾಲುಸಾಲಾಗಿ ಅಂಕಿಗಳು ಇಳಿದುಬಂದವು. ಅವನು ಬೆರಳಿಟ್ಟು ಒಂದೊಂದನ್ನೇ ಹೇಳುತ್ತ ಹೋದನು: ಇದು ವಿಂಡೋಸಿನದು, ಇದೂ ವಿಂಡೋಸಿನದು. ಕೊನೆಗೆ ಒಂದರ ಮೇಲೆ ಬೆರಳು ನಿಂತಿತು. "ಈ 5900 ಯಾರದು?" ಎಂದನು.

ಯಂತ್ರ ನನ್ನದು, ಪಡಸಾಲೆ ನನ್ನದು, ಒಳಗಿನ ಕಾಗದ ನನ್ನ ಊರಿನದು. ಆದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಅಂಕಿಗಳೆಂದರೆ ಏನೆಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಯಂತ್ರಕ್ಕೆ ಜಾಲದಲ್ಲಿ ಒಂದು ವಿಳಾಸವಿರುತ್ತದೆ. ಆದರೆ ಒಂದೇ ಯಂತ್ರದಲ್ಲಿ ಹಲವು ಕೆಲಸಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ. ಬಂದ ಓಲೆ ಯಾವ ಕೆಲಸಕ್ಕೆ ಸೇರಿದ್ದೆಂದು ತಿಳಿಯಲು ವಿಳಾಸದ ಜೊತೆಗೆ ಬಾಗಿಲಿನ ಸಂಖ್ಯೆಯೂ ಬೇಕು. ಆ ಬಾಗಿಲಿಗೆ ಪೋರ್ಟು ಎಂದು ಹೆಸರು. ಇದು ಕಣ್ಣಿಗೆ ಕಾಣುವ ಕಿಂಡಿಯಲ್ಲ, ಬರಿಯ ಸಂಖ್ಯೆ. ಈ ಸಂಖ್ಯೆಗೆ ಹದಿನಾರು ಬಿಟ್ಟುಗಳ ಜಾಗವನ್ನು ಮೀಸಲಿಟ್ಟಿರುವುದರಿಂದ 0ಯಿಂದ 65535ರವರೆಗೆ ಹೋಗುತ್ತದೆ. ಟಿಸಿಪಿ, ಯುಡಿಪಿ ಎಂಬ ಎರಡು ಪದ್ಧತಿಗಳಿಗೂ ಪ್ರತ್ಯೇಕವಾಗಿ ಇಷ್ಟಿಷ್ಟು ಬಾಗಿಲುಗಳು. ಯಾವುದಾದರೊಂದು ಕಾರ್ಯಕ್ರಮವು ಒಂದು ಬಾಗಿಲಿನ ಒಳಗೆ ಕುಳಿತು, "ಯಾರಾದರೂ ಬಡಿದರೆ ಓಗೊಡುತ್ತೇನೆ" ಎಂದು ಕಾದಿದ್ದರೆ ಆ ಬಾಗಿಲು ತೆರೆದಿದೆ ಎನ್ನುತ್ತಾರೆ. ಕುಳಿತವರಿಲ್ಲದ ಬಾಗಿಲು ಮುಚ್ಚಿದಂತೆಯೇ. ಆದುದರಿಂದ ತೆರೆದ ಬಾಗಿಲನ್ನು ಕಂಡಾಗ ಕೇಳಬೇಕಾದ ನಿಜವಾದ ಪ್ರಶ್ನೆ "ಬಾಗಿಲು ಎಷ್ಟನೆಯದು?" ಎಂಬುದಲ್ಲ, "ಒಳಗೆ ಕುಳಿತವರಾರು?" ಎಂಬುದು.

ಈ ಸಂಖ್ಯೆಗಳು ಆಕಾಶದಿಂದ ಇಳಿದವಲ್ಲ, ಮನುಷ್ಯರೇ ಹಂಚಿದವು. ಬಹಳ ವರ್ಷಗಳವರೆಗೆ ಅಮೆರಿಕೆಯ ಜಾನ್ ಪೋಸ್ಟೆಲ್ ಎಂಬ ವಿದ್ವಾಂಸರು ಈ ಪಟ್ಟಿಯನ್ನು, ಊರ ಕುಲಕರ್ಣಿ ದಫ್ತರ ಇಟ್ಟಂತೆ ಇಟ್ಟುಕೊಂಡು ಬಂದರು. ಅವರು 1998ರಲ್ಲಿ ತೀರಿಕೊಂಡರು. ಪಟ್ಟಿಯನ್ನು ಐಯಾನಾ ಎಂಬ ಸಂಸ್ಥೆ ಮುಂದುವರಿಸಿಕೊಂಡು ಬಂದಿದೆ. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಎಂಬ ತರುಣನು ದೂರದ ಯಂತ್ರಗಳೊಡನೆ ಗುಟ್ಟಾಗಿ ಮಾತಾಡುವ ಎಸ್‌ಎಸ್‌ಎಚ್ ಎಂಬ ಕಾರ್ಯಕ್ರಮವನ್ನು ರಚಿಸಿದನು. ಅದಕ್ಕೆ 22ನೆಯ ಬಾಗಿಲು ಬೇಕೆಂದು ಆ ದಫ್ತರದವರಿಗೆ ವಿನಯದಿಂದ ಒಂದು ಓಲೆ ಬರೆದನು. ಅವರು ಕೊಟ್ಟರು, ಇಂದಿಗೂ ಆ ಬಾಗಿಲು ಅದರದೇ. ಹೀಗೆ 80 ಮತ್ತು 443 ಜಾಲಪುಟಗಳಿಗೆ, 25 ಅಂಚೆಗೆ, 53 ಹೆಸರು ಹುಡುಕುವುದಕ್ಕೆ, 445 ವಿಂಡೋಸ್ ಯಂತ್ರಗಳು ತಮ್ಮತಮ್ಮೊಳಗೆ ಕಡತ ಹಂಚಿಕೊಳ್ಳುವುದಕ್ಕೆ ಸಂದಿವೆ. 0ಯಿಂದ 1023ರವರೆಗಿನವು ಹೆಸರಾಂತ ಬಾಗಿಲುಗಳು. 1024ರಿಂದ 49151ರವರೆಗಿನವು ಹೆಸರು ನೋಂದಿಸಬಹುದಾದವು. ಅದರಾಚೆಯವು ತಾತ್ಪೂರ್ತಿಕ ಬಳಕೆಗೆ. ನನ್ನ ಯಂತ್ರದ 5900 ಎಂಬುದು ವಿಎನ್‌ಸಿ ಎಂಬ ಪದ್ಧತಿಗೆ ವಾಡಿಕೆಯಾದ ಬಾಗಿಲು. ದೂರದಲ್ಲಿ ಕುಳಿತವನು ನನ್ನ ಪರದೆಯನ್ನು ನೋಡುವುದಕ್ಕೂ, ನನ್ನ ಕೈ ಹಿಡಿದು ಬರೆಸಿದಂತೆ ನನ್ನ ಯಂತ್ರವನ್ನು ನಡೆಸುವುದಕ್ಕೂ ಇರುವಂಥದು.

ಹುಡುಕಿದಾಗ ಸಂಗತಿ ಬಯಲಾಯಿತು. ಅಂಗಡಿಯವರು ಹತ್ತಾರು ಹಳೆಯ ಯಂತ್ರಗಳನ್ನು ಒಟ್ಟಿಗೆ ಸಿದ್ಧಗೊಳಿಸುವಾಗ, ಒಂದೇ ಕಡೆ ಕುಳಿತು ಎಲ್ಲವನ್ನೂ ನಡೆಸಲು ಈ ಕಾರ್ಯಕ್ರಮವನ್ನು ಹಾಕಿದ್ದರು. ಮಾರುವಾಗ ತೆಗೆಯಲು ಮರೆತಿದ್ದರು. ಕೆಟ್ಟ ಉದ್ದೇಶ ಇದ್ದಿತೆಂದು ನನಗನಿಸುವುದಿಲ್ಲ. ಪ್ರತಿ ಸಲ ಯಂತ್ರ ಹಚ್ಚಿದಾಗಲೂ ಅದು ತಾನಾಗಿ ಎದ್ದು ಬಾಗಿಲಲ್ಲಿ ಕೂಡುತ್ತಿದ್ದಿತು. ಅದರ ಗುಪ್ತಪದ ಅಂಗಡಿಯವರಿಗೆ ಗೊತ್ತಿದ್ದಿತು, ನನಗೆ ಗೊತ್ತಿರಲಿಲ್ಲ.

ತಪ್ಪೆಲ್ಲ ಅವರದೇ ಎಂದು ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಆಗ ನನಗೊಂದು ನೆನಪು ಬಂದಿತು. ಯಂತ್ರ ಮನೆಗೆ ಬಂದ ಮೊದಲ ದಿನವೇ ಪರದೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ ಮೂಡಿದ್ದಿತು. ಇಂಥ ಕಾರ್ಯಕ್ರಮವು ಜಾಲದಲ್ಲಿ ವ್ಯವಹರಿಸಬಯಸುತ್ತದೆ, ಖಾಸಗಿ ಜಾಲದಲ್ಲಿ ಬಿಡಬೇಕೇ, ಸಾರ್ವಜನಿಕ ಜಾಲದಲ್ಲಿ ಬಿಡಬೇಕೇ ಎಂದು ಅದು ಕೇಳಿದ್ದಿತು. ನಾನು ಓದಲಿಲ್ಲ. ಎರಡಕ್ಕೂ ಗುರುತು ಹಾಕಿ ಒಪ್ಪಿಗೆಯ ಗುಂಡಿಯನ್ನು ಒತ್ತಿದ್ದೆನು. ಬೇಗ ಸಿನೆಮಾ ನೋಡಬೇಕಾಗಿತ್ತು.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ನಾನು ಹುಟ್ಟುವ ಮೊದಲು ಅಪ್ಪ ಬಂಧುವೊಬ್ಬರ ಸಾಲದ ಕಾಗದಕ್ಕೆ ಜಾಮೀನಾಗಿ ಹೆಬ್ಬೆಟ್ಟು ಒತ್ತಿದ್ದರು. ಏನು ಬರೆದಿದೆ ಎಂದು ಕೇಳಲಿಲ್ಲ. ಕೇಳಿದರೆ ಎದುರಿನವರಿಗೆ ಅಪಮಾನವಾದೀತೆಂಬ ಸಂಕೋಚ. ಆ ಬಂಧು ಊರು ಬಿಟ್ಟ ಮೇಲೆ ಆರು ವರ್ಷ ನಮ್ಮ ಹೊಲದ ಬೆಳೆ ಆ ಸಾಲಕ್ಕೆ ಹೋಯಿತು. ಈ ಕಥೆಯನ್ನು ಹೇಳಿಯೇ ಅವರು ನನ್ನನ್ನು ಶಾಲೆಗೆ ಅಟ್ಟುತ್ತಿದ್ದರು. ನಾನು ಕಾಲೇಜಿಗೆ ಬಂದ ಮೇಲೆ ಒಂದೆರಡು ಸಲ, "ಓದದೆ ಹೆಬ್ಬೆಟ್ಟು ಒತ್ತಿದರೆ ಹೀಗೇ ಆಗೋದು" ಎಂದು ಅವರಿಗೇ ಬುದ್ಧಿ ಹೇಳಿದ್ದೂ ಉಂಟು. ಅಂದು ಅಪ್ಪ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ನಕ್ಕು, "ತಮ್ಮಾ, ನಾ ಓದಾಕ ಬರಲಾರದ ಒತ್ತಿದ್ನಿ. ನೀ ಓದಾಕ ಬಂದೂ ಒತ್ತೀದಿ. ಇಬ್ಬರೊಳಗ ದಡ್ಡ ಯಾರು ನೀನs ಹೇಳು" ಎಂದರು. ಪದವಿಯ ಮೂರು ವರ್ಷಗಳಲ್ಲಿ ಇಷ್ಟು ಕಠಿಣವಾದ ಪ್ರಶ್ನೆಯನ್ನು ಯಾವ ಪ್ರಶ್ನಪತ್ರಿಕೆಯಲ್ಲಿಯೂ ನಾನು ಕಾಣಲಿಲ್ಲ.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತನ್ನ ಯಂತ್ರದಲ್ಲಿ ತೆರೆದಿರುವ ಪ್ರತಿಯೊಂದು ಬಾಗಿಲಿನ ಒಳಗೆ ಯಾರು ಕುಳಿತಿದ್ದಾರೆ ಎಂದು ಹೇಳಲಾರದವನು, ಎಷ್ಟೇ ಓದಿದ್ದರೂ, ಆ ಯಂತ್ರದ ಮಟ್ಟಿಗೆ ಹೆಬ್ಬೆಟ್ಟಿನವನೇ. ಇದನ್ನು ಕಲಿಯುವುದು ವಿಜ್ಞಾನದವರ ಕೆಲಸವಲ್ಲ. ಓದುಬರಹದ ಕೆಲಸ, ಆದುದರಿಂದ ನಮ್ಮ ಕೆಲಸ.

ಓದುವುದು ಹೇಗೆ? ನಮ್ಮ ಇತಿಹಾಸದ ಗುರುಗಳು ಲಕ್ಕುಂಡಿಗೆ ಕರೆದೊಯ್ದು, ಅತ್ತಿಮಬ್ಬೆ ಕಟ್ಟಿಸಿದ ಬಸದಿಯ 1007ನೆಯ ಇಸವಿಯ ಶಾಸನದ ಮುಂದೆ ನಿಲ್ಲಿಸಿ, ಶಾಸನವನ್ನು ಕಂಡೊಡನೆ ಬೆರಗಾಗಬೇಡಿರಿ, ಯಾರು, ಯಾರಿಗೆ, ಯಾವಾಗ, ಏತಕ್ಕೆ ಎಂದು ಕೇಳಿರಿ ಎಂದು ಕಲಿಸಿದ್ದರು. ಈ ಪಟ್ಟಿಯನ್ನೂ ಹಾಗೆಯೇ ಓದಬೇಕು. ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆಯನ್ನು ತೆರೆದು, ನೆಟ್‌ಸ್ಟ್ಯಾಟ್ ಎಂದು ಬಡಿದು, ಒಂದು ತೆರಪು ಬಿಟ್ಟು, ಸಣ್ಣ ಅಡ್ಡಗೆರೆಯ ಮುಂದೆ ಎ, ಎನ್, ಓ ಎಂಬ ಮೂರು ಅಕ್ಷರಗಳನ್ನು ಸೇರಿಸಿದರೆ ಪಟ್ಟಿ ಬರುತ್ತದೆ. ಲಿನಕ್ಸ್ ಇರುವವರು ಎಸ್‌ಎಸ್ ಎಂದು ಬಡಿದು, ಅದೇ ರೀತಿ ಟಿ, ಯು, ಎಲ್, ಪಿ, ಎನ್ ಎಂಬ ಐದು ಅಕ್ಷರಗಳನ್ನು ಕೊಡಬೇಕು. ಬಂದ ಪ್ರತಿಯೊಂದು ಸಾಲಿಗೂ ನಾಲ್ಕು ಪ್ರಶ್ನೆಗಳನ್ನು ಹಾಕಬೇಕು.

ಮೊದಲನೆಯದು, ಇದು ಬಾಗಿಲೋ, ನಾವೇ ಹೊರಗೆ ಹೋದ ದಾರಿಯೋ? ಸಾಲಿನಲ್ಲಿ "ಲಿಸನಿಂಗ್" ಎಂದಿದ್ದರೆ ಯಾರೋ ಒಳಗೆ ಕಾದು ಕುಳಿತಿದ್ದಾರೆ ಎಂದರ್ಥ. "ಎಸ್ಟಾಬ್ಲಿಷ್ಡ್" ಎಂದಿದ್ದರೆ ಮಾತುಕತೆ ನಡೆದಿದೆ. ನಾವು ಒಂದು ಜಾಲಪುಟವನ್ನು ತೆರೆದರೂ ಇಂಥ ಹತ್ತು ಸಾಲುಗಳು ಬರುತ್ತವೆ. ಅವನ್ನು ಕಂಡು ಹೌಹಾರಬೇಕಾದುದಿಲ್ಲ. ಯುಡಿಪಿಯ ಸಾಲುಗಳಿಗೆ ಈ ಸ್ಥಿತಿಯ ಹೆಸರೇ ಇರುವುದಿಲ್ಲ.

ಎರಡನೆಯದು, ಬಾಗಿಲು ಯಾರಿಗಾಗಿ? ಸಂಖ್ಯೆಯ ಮೊದಲು 127.0.0.1 ಎಂದಿದ್ದರೆ ಅದು ಪಡಸಾಲೆಯಿಂದ ಅಡಿಗೆಮನೆಗೆ ಇರುವ ಬಾಗಿಲು. ಹೊರಗಿನವರು ಅದನ್ನು ಬಡಿಯಲಾರರು. 0.0.0.0 ಎಂದಿದ್ದರೆ, ಇಲ್ಲವೆ ಚೌಕ ಆವರಣದೊಳಗೆ ಎರಡು ವಿಸರ್ಗಗಳಿದ್ದರೆ, ಅದು ಬೀದಿಗೆ ತೆರೆದ ಬಾಗಿಲು. ನನ್ನ 5900ರ ಮುಂದೆ ಸೊನ್ನೆಗಳೇ ಇದ್ದವು.

ಮೂರನೆಯದು, ಒಳಗೆ ಕುಳಿತವರಾರು? ಸಾಲಿನ ತುದಿಯಲ್ಲಿರುವ ಅಂಕಿ ಆ ಕಾರ್ಯಕ್ರಮದ ಗುರುತಿನ ಸಂಖ್ಯೆ. ಟಾಸ್ಕ್ ಮ್ಯಾನೇಜರಿನಲ್ಲಿ ವಿವರಗಳ ಪಟ್ಟಿಯನ್ನು ತೆರೆದರೆ ಆ ಸಂಖ್ಯೆಯ ಎದುರು ಹೆಸರು ಸಿಗುತ್ತದೆ. ಬಲಗುಂಡಿಯನ್ನು ಒತ್ತಿ ಅದರ ಕಡತ ಎಲ್ಲಿದೆ ಎಂದೂ ನೋಡಬಹುದು. ಇಲ್ಲಿ ಎಚ್ಚರ ಬೇಕು. ಬಾಗಿಲಿನ ಮೇಲಿನ ಸಂಖ್ಯೆ ಒಳಗಿನವರಿಗೆ ಸಾಕ್ಷಿಯಲ್ಲ. ಯಾವ ಕಾರ್ಯಕ್ರಮವೂ ಯಾವ ಬಾಗಿಲಿನಲ್ಲಿಯೂ ಕೂಡಬಲ್ಲದು. ಹೆಸರೂ ಪೂರ್ತಿ ಸಾಕ್ಷಿಯಲ್ಲ. ಎಸ್‌ವಿಸಿಹೋಸ್ಟ್ ಎಂಬುದು ವಿಂಡೋಸಿನ ನಂಬಿಗಸ್ತ ಆಳು, ಹಲವು ಸೇವೆಗಳನ್ನು ಹೊತ್ತು ನಡೆಯುತ್ತದೆ. ಆದರೆ ಅದರ ಮನೆ ವಿಂಡೋಸ್ ಕೋಶದೊಳಗಿನ ಸಿಸ್ಟಮ್ 32ರಲ್ಲಿ. ಅದೇ ಹೆಸರು ಹೇಳಿಕೊಂಡು ಬೇರೆಲ್ಲೋ ಕೋಶದಲ್ಲಿ ಮಲಗಿದವನು ಸಿಕ್ಕರೆ ಅವನನ್ನು ಅನುಮಾನಿಸಲೇಬೇಕು.

ನಾಲ್ಕನೆಯದು, ನನಗೆ ಇದು ಬೇಕೇ? ಬೇಡವಾದರೆ ಬಾಗಿಲನ್ನಷ್ಟೇ ಮುಚ್ಚಿದರೆ ಸಾಲದು. ಒಳಗೆ ಕುಳಿತವನನ್ನೇ ಕಳಿಸಬೇಕು. ಕಾರ್ಯಕ್ರಮವನ್ನು ಯಂತ್ರದಿಂದ ತೆಗೆದುಹಾಕಿ, ಅದಕ್ಕಾಗಿ ಕೊಟ್ಟಿದ್ದ ಒಪ್ಪಿಗೆಯನ್ನು ಫೈರ್‌ವಾಲ್‌ನಿಂದ ಅಳಿಸಿ, ಯಂತ್ರವನ್ನು ಮತ್ತೆ ಹಚ್ಚಿ, ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು.

ಈ ವಿದ್ಯೆ ಕಲಿತ ಮೊದಲ ಉತ್ಸಾಹದಲ್ಲಿ ನಾನು ಕಂಡಕಂಡ ಬಾಗಿಲುಗಳನ್ನೆಲ್ಲ ಮುಚ್ಚಲು ಹೊರಟಿದ್ದೆನು. 135, 445, 5040, 7680, 49664ರಿಂದ ಆಚೆಯ ಐದಾರು, ಎಲ್ಲವೂ ನನಗೆ ಕಳ್ಳರಂತೆಯೇ ಕಂಡವು. ಅವು ವಿಂಡೋಸ್ ತನ್ನ ನಿತ್ಯಕರ್ಮಗಳಿಗಾಗಿ ಇಟ್ಟುಕೊಳ್ಳುವ ಬಾಗಿಲುಗಳು ಎಂದು ಮಾವನ ಮಗ ತಡೆಯದಿದ್ದರೆ ಯಂತ್ರವನ್ನೇ ಕೆಡಿಸಿಕೊಳ್ಳುತ್ತಿದ್ದೆನು. ಅಪರಿಚಿತರೆಲ್ಲರೂ ಕಳ್ಳರಲ್ಲ, ಪರಿಚಯ ಮಾಡಿಕೊಳ್ಳದ ತಪ್ಪು ನಮ್ಮದು. ತೆರೆದ ಬಾಗಿಲು ಇದ್ದೊಡನೆ ಹೊರಗಿನವರು ಬಂದೇಬಿಡುತ್ತಾರೆ ಎಂದೂ ಅಲ್ಲ. ಫೈರ್‌ವಾಲ್ ಎಂಬ ತಳವಾರ ಬಾಗಿಲ ಮುಂದೆ ನಿಂತಿರುತ್ತಾನೆ. ಮನೆಯ ಜಾಲಕ್ಕೆ ರೌಟರ್ ಎಂಬ ಅಗಸಿಯಿರುತ್ತದೆ. ಊರಾಚೆಯವನು ಅಗಸಿ ದಾಟಿಯೇ ನಮ್ಮ ಬಾಗಿಲಿಗೆ ಬರಬೇಕು. ಆದರೆ ನನ್ನ ಯಂತ್ರದ ತಳವಾರನಿಗೆ ನಾನೇ ಒಪ್ಪಿಗೆಯ ಚೀಟಿ ಕೊಟ್ಟಿದ್ದೆನು. ವಾಚನಾಲಯದ, ವಸತಿಗೃಹದ, ಬಸ್ ನಿಲ್ದಾಣದ ಪುಕ್ಕಟೆ ವೈಫೈಯಲ್ಲಿ ಕುಳಿತಾಗ ಅಗಸಿಯೊಳಗಿನವರೆಲ್ಲ ನಮ್ಮವರೇ ಆಗಿರುತ್ತಾರೆಯೇ?

"ನಮ್ಮಂಥ ಬಡವರ ಯಂತ್ರದಲ್ಲಿ ಕದಿಯಲು ಏನಿದೆ?" ಎಂದು ಗೆಳೆಯರು ಕೇಳುತ್ತಾರೆ. ಕದಿಯಲು ಬರುವವನು ಶ್ರೀಮಂತರ ಮನೆಯನ್ನು ಹುಡುಕಿಕೊಂಡು ಬರುತ್ತಾನೆ ಎಂಬ ಹಳೆಯ ಭಾವನೆ ಇದು. ಜಾಲದಲ್ಲಿ ಬರುವುದು ಮನುಷ್ಯನಲ್ಲ, ಎಲ್ಲ ಬಾಗಿಲುಗಳನ್ನೂ ಸಾಲಾಗಿ ಬಡಿಯುತ್ತ ಹೋಗುವ ಕಾರ್ಯಕ್ರಮ. 2017ರ ಮೇ 12ರಂದು ವಾನಾಕ್ರೈ ಎಂಬ ಹುಳು ಹೊರಟಿತು. ಅದು ಹೊಕ್ಕುದು 445ನೆಯ ಬಾಗಿಲಿನಿಂದ. ಹೊಕ್ಕ ಯಂತ್ರದ ಕಡತಗಳಿಗೆಲ್ಲ ಬೀಗ ಜಡಿದು, ಬಿಡುಗಡೆಗೆ ಮುನ್ನೂರು ಡಾಲರ್ ಕೇಳಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಯಂತ್ರಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನಲ್ಲಿ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ಮರಳಿ ಕಳಿಸಬೇಕಾಯಿತು. ಅದು ಬರಿಯ ಲಂಡನ್ನಿನ ಸುದ್ದಿಯಲ್ಲ. ಮೂರು ದಿನಗಳ ತರುವಾಯ ನಮ್ಮ ನೆರೆಯ ಕೇರಳದಲ್ಲಿ, ಕರ್ನಾಟಕಕ್ಕೆ ಹೊಂದಿಕೊಂಡಿರುವ ವಯನಾಡಿನ ಒಂದು ಗ್ರಾಮ ಪಂಚಾಯತಿ ಕಚೇರಿಯವರು ಸೋಮವಾರ ಬಂದು ಯಂತ್ರ ಹಚ್ಚಿದರೆ ಪರದೆಯ ಮೇಲೆ ಅದೇ ಬೇಡಿಕೆ ನಿಂತಿದ್ದಿತು. ಹಳ್ಳಿಯ ಪಂಚಾಯತಿಯಲ್ಲಿ ಏನಿದ್ದಿತು ಕದಿಯಲು? ಜನರ ಕಾಗದಗಳಿದ್ದವು. ನನ್ನ ಯಂತ್ರದಲ್ಲಿಯೂ ಇದ್ದುದು ಅವೇ.

ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. ಆ ಬಾಗಿಲಿನ ದೋಷಕ್ಕೆ ಮೈಕ್ರೋಸಾಫ್ಟ್ ಕಂಪನಿಯು ಎರಡು ತಿಂಗಳ ಮೊದಲೇ, ಅದೇ ವರ್ಷದ ಮಾರ್ಚಿಯಲ್ಲಿ, ಪರಿಹಾರವನ್ನು ಹೊರತಂದಿದ್ದಿತು. ಹಾಕಿಕೊಂಡವರು ಉಳಿದರು. ಇಂದು ನಮ್ಮಲ್ಲಿ ಅನೇಕರ ಹಳೆಯ ಯಂತ್ರಗಳಲ್ಲಿರುವ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಅಂದರೆ ಬಾಗಿಲಿನ ಮರ ಹುಳು ಹಿಡಿದರೆ ಬಡಗಿ ತಾನಾಗಿ ಬರುವ ಕಾಲ ಮುಗಿಯಿತು. ಅಂಥ ಮನೆಯಲ್ಲಿರುವವರು ಬಾಗಿಲುಗಳನ್ನು ಎಣಿಸುವುದು ಇನ್ನೂ ಅವಶ್ಯ.

ಒಂದು ಮಾತನ್ನು ಕಿರಿಯ ಗೆಳೆಯರಿಗೆ ಒತ್ತಿ ಹೇಳಬೇಕು. ತನ್ನ ಬಾಗಿಲು ಎಣಿಸುವ ವಿದ್ಯೆಯಿಂದಲೇ ಪರರ ಬಾಗಿಲನ್ನೂ ಎಣಿಸಬಹುದು. ಎನ್‌ಮ್ಯಾಪ್ ಎಂಬ ಉಪಕರಣ 1997ರಿಂದ ಎಲ್ಲರಿಗೂ ಪುಕ್ಕಟೆಯಾಗಿ ದೊರೆಯುತ್ತದೆ. ಆದರೆ ಒಡೆಯನ ಅನುಮತಿಯಿಲ್ಲದೆ ಪರರ ಯಂತ್ರವನ್ನು ಹೊಗುವುದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಅಪರಾಧ; ಮೂರು ವರ್ಷಗಳವರೆಗೆ ಸೆರೆಮನೆ, ಐದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕಾಯಿದೆಯ ಮಾತು ಹಾಗಿರಲಿ. ಅನ್ಯರ ಹಿತ್ತಲಿನಲ್ಲಿ ಇಣಿಕುವವನನ್ನು ನಮ್ಮ ಊರುಗಳಲ್ಲಿ ಯಾರೂ ಜಾಣನೆಂದು ಕರೆಯುವುದಿಲ್ಲ.

ಇನ್ನು ನನ್ನ ಕಥೆಯ ಉಳಿದ ಭಾಗ. 5900ನ್ನು ಮುಚ್ಚಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಹನ್ನೊಂದು ತಿಂಗಳಲ್ಲಿ ಯಾರಾದರೂ ಬಂದು ಹೋದರೇ? ಗುರುತು ಯಾವುದೂ ಸಿಗಲಿಲ್ಲ. ಗುರುತಿಲ್ಲ ಎಂದರೆ ಬಂದಿಲ್ಲ ಎಂದಲ್ಲ. ಮಾವನ ಮಗ, "ಏನೂ ಆಗಿರಂಗಿಲ್ಲ ಬಿಡು, ಯಾರಿಗೂ ಹೇಳಬ್ಯಾಡ" ಎಂದನು. ಎರಡು ರಾತ್ರಿ ನಾನೂ ಹಾಗೆಯೇ ಅಂದುಕೊಂಡೆನು. ಆದರೆ ಕಾಗದಗಳು ನನ್ನವಲ್ಲ. ನನ್ನ ಹಣವಾಗಿದ್ದರೆ ನಷ್ಟವನ್ನು ನಾನು ನುಂಗಬಹುದಾಗಿತ್ತು. ಪರರ ವಿಶ್ವಾಸವನ್ನು ನುಂಗುವ ಅಧಿಕಾರ ನನಗೆ ಎಲ್ಲಿಂದ ಬಂದಿತು?

ಮೂರನೆಯ ದಿನ ಓಣಿಯಲ್ಲಿ ಮನೆಮನೆಗೆ ಹೋದೆನು. ಬ್ಯಾಂಕಿನ ಖಾತೆಯ ಮೇಲೆ ಕಣ್ಣಿಡಿರಿ, ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಸುವ ಸೌಲಭ್ಯವಿದೆ, ನಾನೇ ಹಾಕಿಕೊಡುತ್ತೇನೆ, ಹಣ ಹೋದುದು ಕಂಡರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ ಎಂದು ತಿಳಿಸಿ ಬಂದೆನು. ಕೆಲವರು ಅರ್ಥವಾಗದೆ ತಲೆಯಾಡಿಸಿದರು. ಒಬ್ಬ ಕಾಕಾ, "ಇಷ್ಟು ಓದಿಸಿದ್ದಕ್ಕ ಇದೇನಪಾ" ಎಂದು ಅಪ್ಪನೆದುರಿಗೇ ಅಂದರು. ಆಚೆ ಮನೆಯ ಚಿಗವ್ವ ಮಾತ್ರ ಎಲ್ಲವನ್ನೂ ಕೇಳಿ, "ನಿನ್ನ ಮ್ಯಾಲ ಸಿಟ್ಟಿಲ್ಲ ತಮ್ಮಾ. ಆದರ ನಮ್ಮ ಕಾಗದ ನಿನ್ನ ಪೆಟಗ್ಯಾಗಿಂದ ತಗದಬಿಡು. ನನ್ನ ಎದರಿಗೇ ತಗಿ" ಎಂದಳು. ಯಂತ್ರವನ್ನು ಅವಳ ಕಟ್ಟೆಗೇ ಒಯ್ದು, ಅವಳು ನೋಡುತ್ತಿದ್ದಂತೆ ಅಳಿಸಿದೆನು. "ಊರ ಕಾಗದ" ಎಂಬ ಆ ಕೋಶವೇ ಈಗ ನನ್ನ ಯಂತ್ರದಲ್ಲಿಲ್ಲ. ಅರ್ಜಿ ಹೋದ ದಿನವೇ ಕಾಗದವೂ ಹೋಗುತ್ತದೆ.

ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿನಂತಿ ಇದೆ. ನಮ್ಮ ಕಾಲೇಜಿನಲ್ಲಿ ಚರ್ಚಾಕೂಟವಿದೆ, ನಾಟಕ ಸಂಘವಿದೆ. ತಿಂಗಳಿಗೊಂದು ದಿನ, ಒಂದು ತಾಸು, ಯಂತ್ರವಿರುವವರೆಲ್ಲ ಒಂದು ಕೋಣೆಯಲ್ಲಿ ಕೂಡಿ, ಒಬ್ಬರ ಪಟ್ಟಿಯನ್ನು ಇನ್ನೊಬ್ಬರ ಜೊತೆ ಓದಿದರೆ ಹೇಗೆ? ಗೊತ್ತಿದ್ದ ಬಾಗಿಲುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಮುಂದಿನ ತಿಂಗಳು ಹೊಸದು ಬಂದುದು ಥಟ್ಟನೆ ಕಾಣುತ್ತದೆ. ಒಬ್ಬನಿಗೆ ಗೊತ್ತಿಲ್ಲದುದು ಹತ್ತು ಜನರಲ್ಲಿ ಒಬ್ಬನಿಗಾದರೂ ಗೊತ್ತಿರುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ. 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿಯೇ ಅಲ್ಲವೆ, ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದುದು? ಸಾಲದ ಕಾಗದದ ಮುಂದೆ ಒಬ್ಬಂಟಿಯಾಗಿ ನಿಂತಿದ್ದ ಒಕ್ಕಲಿಗನಿಗೆ, ಕೂಡಿ ಲೆಕ್ಕ ನೋಡುವ ದಾರಿಯನ್ನು ಆ ಹಿರಿಯರು ತೋರಿದರು. ಇಂದು ಕಾಗದ ಬೇರೆಯಾಗಿದೆ. ಒಬ್ಬಂಟಿತನ ಹಾಗೆಯೇ ಇದೆ.

ಕಳೆದ ತಿಂಗಳು ಚಿಗವ್ವ ಮಗಳ ವಿದ್ಯಾರ್ಥಿವೇತನದ ಅರ್ಜಿಗೆಂದು ಮತ್ತೆ ನಮ್ಮ ಪಡಸಾಲೆಗೆ ಬಂದಳು. ಸೆರಗಿನೊಳಗಿಂದ ಕಾಗದಗಳನ್ನು ತೆಗೆದಳು, ಆದರೆ ಕೊಡಲಿಲ್ಲ. ಎದೆಗೆ ಹಿಡಿದುಕೊಂಡೇ ಕೇಳಿದಳು: "ಬಾಗಲಾ ನೋಡೀಯೇನಪಾ ಈ ಸಲ?"

ನಾನು ಯಂತ್ರವನ್ನು ಅವಳ ಕಡೆಗೆ ತಿರುಗಿಸಿ, ಕಪ್ಪು ಪರದೆಯನ್ನು ತೆರೆದು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಯಾರದೆಂದು ಹೇಳಿದೆನು. ಅವಳಿಗೆ ಓದಲು ಬಾರದು. ಆದರೂ ಕೊನೆಯ ಸಾಲಿನವರೆಗೆ ಕೇಳಿದ ಮೇಲೆಯೇ ಕಾಗದಗಳನ್ನು ನನ್ನ ಕೈಗಿತ್ತಳು.